ಸಿಮೆಂಟಿನ ಎಲೆ ಮಾಡಿದ ಶ್ರಾವಣ

ಮೊನ್ನೆ ಅಕ್ಕಲಕೋಟ ರಸ್ತೆಯ ಒಂದು ನರ್ಸರಿಯಲ್ಲಿ ನನ್ನ ಮೈ ಉರಿದುಹೋಯಿತು. ತುಳಸಿ ಸಸಿ ತರಲು ಹೋಗಿದ್ದೆವು, ನಾನೂ ನಮ್ಮ ಯಜಮಾನರೂ. ಬಾಗಿಲ ಹತ್ತಿರವೇ ಸಿಮೆಂಟಿನ ದೊಡ್ಡ ದೊಡ್ಡ ಎಲೆಗಳನ್ನು ಸಾಲಾಗಿ ಇಟ್ಟಿದ್ದರು. ತೋಟದಲ್ಲಿ ಹಕ್ಕಿಗೆ ನೀರಿಡುತ್ತಾರಲ್ಲ, ಅಂಥವು. ಯಾರೋ ಪುಣ್ಯಾತ್ಮರು ಅವಕ್ಕೆ ಗಿಳಿಹಸಿರು ಬಣ್ಣ ಬಳಿದು, ಅಂಚಿಗೆ ಬಂಗಾರದ ಬಣ್ಣ ಬೇರೆ ಕೊಟ್ಟಿದ್ದರು. ಹಿಂದಿನಿಂದ ಹಸಿ ಸಿಮೆಂಟಿನ ವಾಸನೆ ಬರುತ್ತಿತ್ತು. ನಮ್ಮವರು ಒಂದು ಎಲೆಯನ್ನು ಬೆರಳಿಂದ ತಟ್ಟಿ ನೋಡಿದರು. ಎಂಬತ್ತಕ್ಕೆ ಬಂದ ಮನುಷ್ಯ, ಏನೂ ಅರಿಯದ ಕೂಸಿನ ಹಾಗೆ ಕೇಳಿದರು: “ನೀನೂ ಮಾಡತಿದ್ದೆಲ್ಲ ಸುಗಲಾ? ಇದಕಿಂತ ಚಂದ ಮಾಡತಿದ್ದಿ. ಯಾಕ ಬಿಟ್ಟಿ?”

ಯಾಕೆ ಬಿಟ್ಟೆನಂತೆ! ಅಲ್ಲೇ ಹೇಳಿಬಿಡುತ್ತಿದ್ದೆ. ನರ್ಸರಿಯವನು ಎದುರಿಗೆ ನಿಂತಿದ್ದನೆಂದು ನಾಲಿಗೆ ಕಚ್ಚಿಕೊಂಡೆ. ಮನೆಗೆ ಬಂದ ಮೇಲೆ ಎರಡು ದಿನ ಮಾತಾಡಲಿಲ್ಲ. ಅದೂ ಅವರಿಗೆ ಗೊತ್ತಾದಂತೆ ಕಾಣಲಿಲ್ಲ. ಈಗ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ನಮ್ಮ ಮೊಮ್ಮಕ್ಕಳು ಓದಲಾರವು, ಅವಕ್ಕೆ ಮರಾಠಿಯೇ ಆಯಿತು. ಇವರು ಓದಬಲ್ಲರು. ಓದಲಿ.

ಎಪ್ಪತ್ತರ ದಶಕ ಆಗ ಅರ್ಧ ಕಳೆದಿತ್ತು. ವೈಶಾಖದಲ್ಲಿ ಮದುವೆಯಾಗಿ ನಾನು ಕುರನೂರಿನಿಂದ ಸೊಲ್ಲಾಪುರದ ಈ ಮನೆಗೆ ಬಂದಿದ್ದೆ. ಮೆಟ್ರಿಕ್ ಪಾಸಾಗಿದ್ದೆ. ನಮ್ಮ ಸುತ್ತಲಿನ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಎಲ್ಲಿ ನೋಡಿದರೂ ಗಂಡು ಮಾಸ್ತರರೇ. ಹುಡುಗಿ ಸ್ವಲ್ಪ ದೊಡ್ಡವಳಾದರೆ ಸಾಕು, “ಅಕ್ಕೋರು ಇಲ್ಲದ ಸಾಲಿಗೆ ಹೆಂಗ ಕಳಸೂದು” ಅಂತ ಬಿಡಿಸಿ ಹೊಲಕ್ಕೆ ಹಚ್ಚುತ್ತಿದ್ದರು. ನನ್ನ ಜೊತೆ ಒಂದನೆಯ ಇಯತ್ತೆಯಲ್ಲಿ ಕೂತಿದ್ದ ಒಂಬತ್ತು ಹುಡುಗಿಯರಲ್ಲಿ ಏಳನೆಯದಕ್ಕೆ ಉಳಿದವಳು ನಾನೊಬ್ಬಳು. ನಾನು ಆ ಅಕ್ಕೋರು ಆಗಬೇಕಿತ್ತು. ಅಷ್ಟೇ ನನ್ನ ಆಸೆ, ಮತ್ತೇನೂ ಬೇಡಿದವಳಲ್ಲ. ನಿಶ್ಚಯದ ದಿನ ನನ್ನ ಅಪ್ಪ ಎಲ್ಲರೆದುರು ಈ ಮಾತು ಎತ್ತಿದರು. ನಮ್ಮ ಮಾವ ಎದೆ ಮುಟ್ಟಿಕೊಂಡು, “ಟ್ರೇನಿಂಗ್ ಕಾಲೇಜು ನಮ್ಮ ಮನಿಯಿಂದ ಹತ್ತ ಮಿನಿಟಿನ ಹಾದಿ. ಹುಡುಗೀನ ನಾನ ಕೈ ಹಿಡದ ಕರಕೊಂಡ ಹೋಗತೀನಿ,” ಎಂದರು. ಅಪ್ಪನ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮಾವನದು ಕಬ್ಬಿಣ, ಮೊಳೆ, ಸುಣ್ಣ, ಸಿಮೆಂಟಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಹಿತ್ತಲು. ಆಗ ಸಿಮೆಂಟ್ ಎಂದರೆ ಪರ್ಮಿಟ್ಟಿನ ವಸ್ತು. ಕಚೇರಿಯ ಸಾಹೇಬರ ಸಹಿ ಇಲ್ಲದೆ ಒಂದು ಚೀಲವೂ ಅಂಗಡಿಗೆ ಬರುತ್ತಿರಲಿಲ್ಲ. ಆಷಾಢಕ್ಕೆ ನಾನು ತವರಿಗೆ ಹೋದಾಗ ಅಣ್ಣ ಸಿದ್ರಾಮ ಕಾಲೇಜಿನಿಂದ ಅರ್ಜಿಯ ಫಾರ್ಮು ತಂದುಕೊಟ್ಟಿದ್ದ. ಅದನ್ನು ನಾನೇ ಬಾಲ್‌ಪೆನ್ನಿನಲ್ಲಿ, ಒಂದು ಅಕ್ಷರವೂ ತಿದ್ದದ ಹಾಗೆ ತುಂಬಿದೆ. ಶ್ರಾವಣಕ್ಕೆ ಮರಳಿ ಬಂದು ಮಾವನ ಕೈಗೆ ಕೊಟ್ಟೆ. ಮನೆಯ ಹಿರಿಯರ ಸಹಿ ಬೇಕಿತ್ತು. “ಇಡು, ಮಾಡತೀನಿ,” ಎಂದು ಗಾದಿಯ ಕೆಳಗೆ ಸರಿಸಿದರು.

ಅದೇ ವಾರ ಗೌಂಡಿ ಇಮಾಮಸಾಬ ನಮ್ಮ ಬಚ್ಚಲಿನ ಕಟ್ಟೆ ಹೊಸದಾಗಿ ಕಟ್ಟುತ್ತಿದ್ದ. ಬಚ್ಚಲ ನೀರು ಹರಿಯುವಲ್ಲಿ ಅತ್ತೆ ಕೆಸು ಬೆಳೆಸಿದ್ದರು. ಗಾಳಿಗೆ ಒಂದು ಎಲೆ ಮುರಿದು ಹಸಿ ಕಟ್ಟೆಯ ಮೇಲೆ ಬಿದ್ದಿತ್ತು. ಮರುದಿನ ಎತ್ತಿ ನೋಡಿದರೆ ಸಿಮೆಂಟಿನಲ್ಲಿ ಎಲೆಯ ಒಂದೊಂದು ನರವೂ ಇಳಿದಿತ್ತು. ಇಮಾಮಸಾಬ ಅದನ್ನು ಕರಣಿಯಿಂದ ಒರೆಸಲು ಹೋದ. ನಾನೇ, “ಇರಲಿ ಬಿಡ್ರಿ, ಚಂದ ಐತಿ,” ಎಂದೆ. ನನ್ನ ಬಾಯಿಗೆ ಬೆಂಕಿ ಬೀಳ!

ಶ್ರಾವಣದ ಮೊದಲ ಶುಕ್ರವಾರ ಅರಿಶಿನ-ಕುಂಕುಮಕ್ಕೆ ಅತ್ತೆ ಊರ ಹೆಂಗಸರನ್ನೆಲ್ಲ ಕರೆದಿದ್ದರು. ಮಾವ ಹೇಳಿ ಕಳಿಸಿದ್ದರಿಂದ ಆ ಪರ್ಮಿಟ್ ಸಾಹೇಬರ ಹೆಂಡತಿಯೂ ಬಂದರು. ಮರಾಠಿಯ ಬಾಯಿಸಾಹೇಬರು, ಬಂಗಲೆಯ ತೋಟದ ಹುಚ್ಚಿನವರು. ಕೈ ತೊಳೆಯಲು ಬಚ್ಚಲಿಗೆ ಹೋದವರು ಅಲ್ಲಿಂದಲೇ, “ಅಗಬಾಯಿ, ಕಿತೀ ಛಾನ್!” ಎಂದು ಕೂಗಿದರು, ಅಬ್ಬಾ ಎಷ್ಟು ಚಂದ ಅಂತ. ಮಹಿಳಾ ಮಂಡಳದ ತೋಟದ ಸ್ಪರ್ಧೆ ಇತ್ತಂತೆ. ಇಂಥ ಎಲೆಗಳನ್ನೇ ತಟ್ಟೆಯ ಹಾಗೆ ಮಾಡಿ ಕಾರಂಜಿಯ ಸುತ್ತ ಇಟ್ಟರೆ ಹೇಗಿರುತ್ತದೆ ಎಂದು ಕೇಳಿದರು. ಒಳಗೆ ಬಂದ ಮಾವ ಒಂದು ಗಳಿಗೆಯೂ ತಡಮಾಡಲಿಲ್ಲ. “ಎಷ್ಟ ಬೇಕ ಹೇಳ್ರಿ ಬಾಯಿಸಾಹೇಬ. ನಮ್ಮ ಸೊಸಿ ಮಾಡಿಕೊಡತಾಳ.”

ಹನ್ನೊಂದು ಬೇಕಿತ್ತು, ಮೂರು ವಾರದಲ್ಲಿ. ನನ್ನ ಫಾರ್ಮು ಕೊಡುವ ಕೊನೆಯ ದಿನವೂ ಅದೇ ಮೂರನೆಯ ವಾರದ ಶನಿವಾರ. ಅವರು ಹೋದ ಮೇಲೆ ನಾನು ಮಾವನನ್ನು ಕೇಳಿಯೇ ಬಿಟ್ಟೆ, “ಮಾಮಾ, ಫಾರ್ಮಿಗೆ ಸಹಿ ಆತೇನ್ರಿ?” ಮಾವ ನಕ್ಕರು. “ಆ ಶನಿವಾರ ಬೆಳಗ್ಗೆ ಎಲಿ ಬಂಗಲೇಕ ಮುಟ್ಟಲಿ. ಅಲ್ಲಿಂದ ಸೀದಾ ಕಾಲೇಜಿಗೆ ಹೋಗಿ ನಿನ್ನ ಕಾಗದ ಕೊಟ್ಟ ಬರತೀನಿ. ಮಾತು ಅಂದ್ರ ಮಾತು.” ಎಂದೋ ಕೊಟ್ಟ ಮಾತಿಗೆ ಹೀಗೆ ಹೊಸ ಕರಾರು ಹಾಕಿದರಲ್ಲ, ಅದು ಆಗ ನನಗೆ ಹೊಳೆಯಲೇ ಇಲ್ಲ. ಖುಷಿಯಿಂದ ಸೆರಗು ಕಟ್ಟಿದೆ.

ಕೆಲಸದ ರೀತಿಯನ್ನು ಇಮಾಮಸಾಬ ಹೇಳಿಕೊಟ್ಟ. ಹಸಿ ಉಸುಕನ್ನು ಗುಪ್ಪೆ ಹಾಕಿ ತಟ್ಟಬೇಕು. ಅದರ ಮೇಲೆ ರದ್ದಿ ಕಾಗದ ಹಾಸಿ ಎಲೆ ಇಡಬೇಕು. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿ ಹಿಡಿದ ಉಸುಕು ಕಲಸಿ ಎಲೆಯ ಮೇಲೆ ಬಳಿಯಬೇಕು, ನಡುವೆ ದಪ್ಪ, ಅಂಚಿಗೆ ತೆಳು. ಒದ್ದೆ ಗೋಣಿತಟ್ಟು ಹೊದಿಸಿ ನಾಲ್ಕೈದು ದಿನ ನೀರು ಕುಡಿಸಬೇಕು. ಆಮೇಲೆ ಬೋರಲು ತಿರುಗಿಸಿ ಎಲೆ ಸುಲಿದರೆ ತಟ್ಟೆ ಸಿದ್ಧ. ಹರಿದ ಚೀಲಗಳಿಂದ ಉದುರಿದ ಸಿಮೆಂಟನ್ನು ಅಂಗಡಿಯಿಂದ ಗುಡಿಸಿ ತರುತ್ತಿದ್ದೆವು. ನಮ್ಮ ಬಚ್ಚಲ ಕೆಸು ಚಿಕ್ಕದು. ಕುರನೂರಿನಲ್ಲಿ ನಮ್ಮ ಬಾವಿಯ ಹಳ್ಳದ ಬದಿಗೆ ಆನೆಕಿವಿಯಷ್ಟು ಅಗಲದ ಎಲೆ ಬರುತ್ತಿತ್ತು. ಕಾಗದ ಬರೆದು ಹಾಕಿದೆ. ಅಣ್ಣ ಅವನ್ನು ಒದ್ದೆ ತಟ್ಟಿನಲ್ಲಿ ಸುತ್ತಿ, ಅಕ್ಕಲಕೋಟದಿಂದ ಎಸ್.ಟಿ. ಬಸ್ಸಿನಲ್ಲಿ ತಾನೇ ಹೊತ್ತು ತಂದ.

ಇನ್ನೇನು ಎಲೆ ಹಾಸಬೇಕು, ಅತ್ತೆ ಅಡ್ಡ ನಿಂತರು. ನರ ಎದ್ದು ಕಾಣುವುದು ಎಲೆಯ ಬೆನ್ನಲ್ಲಿ, ಆ ಬೆನ್ನಿಗೇ ಸಿಮೆಂಟು ತಾಗಬೇಕು. ಅಂದರೆ ಎಲೆಯನ್ನು ಬೆನ್ನು ಮೇಲೆ ಮಾಡಿ ಬೋರಲು ಹಾಕಬೇಕು. ಅತ್ತೆ ಕೂಗಿದರು, “ಏ ಹುಡುಗಿ! ಎಲಿ ಬೋರಲ ಹಾಕತಿಯೇನ? ನಮ್ಮ ಮನ್ಯಾಗ ಸತ್ತವರ ದಿನಕ್ಕ ಹಂಗ ಹಾಕತಾರ. ಶ್ರಾವಣದಾಗ, ಮುತ್ತೈದಿ ಕೈಲೆ? ಸರಳ ಹಾಕು.”

“ಅತ್ತೀ, ಇದು ಊಟದ ಎಲಿ ಅಲ್ಲರಿ.”

“ಎಲಿ ಅಂದ್ರ ಎಲಿ. ಸರಳ ಹಾಕು ಅಂದ್ನೆಲ್ಲ!”

ಹಾಕಿದೆ. ಹನ್ನೊಂದನ್ನೂ ಸರಳ ಹಾಕಿ ಐದು ದಿನ ನೀರು ಹೊಡೆದೆ. ನಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಕುಡಿಯುವ ನೀರನ್ನು ಸಿಮೆಂಟಿಗೆ ಹಾಕುತ್ತಾಳೆಂದು ಬೈಸಿಕೊಂಡು ಹಾಕಿದೆ. ಐದನೆಯ ದಿನ ಸುಲಿದರೆ ಹನ್ನೊಂದೂ ನುಣ್ಣಗೆ, ಬೋಳು ಥಾಲಿಗಳು! ನರವಿಲ್ಲ, ಏನಿಲ್ಲ. ಗಿರಣಿಯ ಭೋಂಗಾ ಕೂಗುವವರೆಗೂ ಹಿತ್ತಲಲ್ಲಿ ಅಳುತ್ತ ಕೂತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ಉಳಿದದ್ದು ಒಂಬತ್ತೇ ದಿನ. ಒಂದು ಬೋಳು ಥಾಲಿಯನ್ನು ಒಯ್ದು ಅತ್ತೆಯ ಮುಂದೆ ಕುಕ್ಕಿ, “ನೋಡ್ರಿ ನಿಮ್ಮ ಸರಳ ಎಲಿ! ನನ್ನ ಕಾಲೇಜಿಗೆ ಎಳ್ಳುನೀರು ಬಿಟ್ಟಿರಿ,” ಎಂದೆ. ಮೂರು ತಿಂಗಳ ಸೊಸೆ ಹೀಗೆ ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲಿರಬೇಕು.

ಅತ್ತೆ ಬೈಯಲಿಲ್ಲ. ಥಾಲಿಯ ಮೇಲೆ ಕೈಯಾಡಿಸಿದರು. ಒಳಗೆ ಹೋಗಿ ಮುಷ್ಟಿಯಲ್ಲಿ ಜೋಳ ತಂದರು. “ನಿನಗ ಬೋರಲ ಆಗಬೇಕು, ನನಗ ದೋಷ ಬರಬಾರದು, ಹೌದಿಲ್ಲ? ಮೊದಲ ಸರಳ ಹಾಸು. ನಾಕ ಕಾಳ ಹಾಕು. ‘ಊಟ ಆತು’ ಅನ್ನು. ಉಂಡ ಎಲಿ ಹೆಂಗ ಹೊಳ್ಳಿಸಿದ್ರೂ ಪಾಪ ಇಲ್ಲ.” ನನಗೆ ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ. ಅಣ್ಣ ಮತ್ತೆ ಎಲೆ ತಂದ. ಆ ಭಾನುವಾರ ನಾವಿಬ್ಬರೂ ಉಸುಕಿನ ಹನ್ನೊಂದು ಗುಪ್ಪೆಗಳ ಮುಂದೆ ಒಂದೊಂದಾಗಿ ಎಲೆ ಹಾಸಿ, ಕಾಳಿಟ್ಟು, “ಊಟ ಆತು” ಎಂದು ಮಡಿಲಿಗೆ ಕಾಳು ತುಂಬಿಕೊಂಡು, ಎಲೆ ಬೋರಲು ಹೊಳ್ಳಿಸಿದೆವು. ಇಮಾಮಸಾಬ ಬಾಯಿಗೆ ರುಮಾಲು ಅಡ್ಡ ಹಿಡಿದು ನಕ್ಕ. ಅತ್ತೆ ಮಾತ್ರ ಮಠದಲ್ಲಿ ಕೂತಷ್ಟು ಗಂಭೀರ.

ಆ ವಾರ ಮಳೆಯೆಂದರೆ ನಾಲ್ಕು ಹನಿ, ಹಿಂದೆಯೇ ಸುಡುವ ಬಿಸಿಲು, ಅದರ ಹಿಂದೆ ಒಣಗಾಳಿ. ತಟ್ಟು ಒಣಗಿದರೆ ಎಲೆ ಸೀಳುತ್ತದೆ. ತಾಸಿಗೊಮ್ಮೆ ತಂಬಿಗೆ ಹಿಡಿದು ಓಡುತ್ತಿದ್ದೆ. ಕೆಸುವಿನ ತುರಿಕೆಗೆ ಸಿಮೆಂಟಿನ ಸುಡುವಿಕೆ ಸೇರಿ ಬೆರಳುಗಳೆಲ್ಲ ಬಿರಿದಿದ್ದವು. ರೊಟ್ಟಿ ತಟ್ಟುವಾಗ ಹಿಟ್ಟಿನ ಉಪ್ಪು ತಾಗಿ ಚುರುಗುಟ್ಟುತ್ತಿತ್ತು. ಅತ್ತೆ ಹುಣಸೆಹಣ್ಣು ಹಚ್ಚಿ, ಮೇಲೆ ಎಣ್ಣೆ ತಿಕ್ಕುತ್ತಿದ್ದರು. “ಅಕ್ಕೋರ ಕೈ ಇವು, ಹಲಗಿ ಮ್ಯಾಲೆ ಬರಿಯಾಕ ಖಡು ಹಿಡಿಯೋ ಕೈ,” ಎನ್ನುತ್ತಿದ್ದರು. ಆ ಮನೆಯಲ್ಲಿ ನನ್ನನ್ನು ಅಕ್ಕೋರು ಎಂದು ಕರೆದವರು ಅವರೊಬ್ಬರೇ.

ಶುಕ್ರವಾರ ಸುಲಿದೆವು. ಆಹಾ! ಏನು ನರ, ಏನು ಅಂಚು! ಒಂದು ಎಲೆಯಲ್ಲಿ ಹುಳು ತಿಂದ ತೂತೂ ಹಾಗೇ ಇಳಿದಿತ್ತು. ಶನಿವಾರ ಮಾವ ಹನ್ನೊಂದನ್ನೂ ಹುಲ್ಲಿನಲ್ಲಿ ಇಟ್ಟು ಟಾಂಗಾದಲ್ಲಿ ಒಯ್ದರು. ಅವರ ಅಂಗಿಯ ಜೇಬಿನಲ್ಲಿ ನನ್ನ ಫಾರ್ಮು ಮಡಚಿಟ್ಟದ್ದನ್ನು ನನ್ನ ಕಣ್ಣಾರೆ ನೋಡಿದೆ. ಮಧ್ಯಾಹ್ನ ಬಂದು ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕುತ್ತ, “ಕೊಟ್ಟ ಬಂದೆ. ಹದಿನೈದ ದಿನದಾಗ ಟಪಾಲ ಬರತೈತಿ ಅಂದ್ರು,” ಎಂದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಹೌದು, ಮುಟ್ಟಿದೆ!

ಸ್ಪರ್ಧೆಯ ದಿನ ಅತ್ತೆ, ನಾನು ಬಂಗಲೆಗೆ ಹೋಗಿದ್ದೆವು. ಕಾರಂಜಿಯ ಸುತ್ತ ನನ್ನ ಎಲೆಗಳಲ್ಲಿ ನೀರು ನಿಂತು ಬಿಸಿಲಿಗೆ ಹೊಳೆಯುತ್ತಿತ್ತು. ಬಂದ ಹೆಂಗಸರೆಲ್ಲ ಅಲ್ಲೇ ಗುಂಪು. ಬಾಯಿಸಾಹೇಬರು, “ನಾನೇ ಕೈಯಾರೆ ಮಾಡಿದ್ದು, ತಿಂಗಳು ಹಿಡಿಯಿತು,” ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಅವರ ಬೆರಳುಗಳನ್ನು ನೋಡಿದೆ, ಉಗುರಿಗೆ ಬಣ್ಣ. ಅತ್ತೆ ನನ್ನ ಮೊಣಕೈ ತಿವಿದು, “ಹೇಳು,” ಎಂದು ಪಿಸುಗುಟ್ಟಿದರು. ನಾನು ತುಟಿಪಿಟಕ್ಕೆನ್ನಲಿಲ್ಲ. ಮಾವನ ಪರ್ಮಿಟ್ಟು ಹೋದೀತು, ಮಾವ ಸಿಟ್ಟಾದರೆ ಕಾಲೇಜು ಹೋದೀತು ಎಂದು ಲೆಕ್ಕ ಹಾಕಿದೆ. ಅವರಿಗೆ ಮೊದಲ ಬಹುಮಾನ ಬಂತು. ನಾನೂ ಚಪ್ಪಾಳೆ ತಟ್ಟಿದೆ, ಬಿರಿದ ಕೈಯಿಂದ. ಆ ಚಪ್ಪಾಳೆಗಾಗಿ ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಹದಿನೈದು ದಿನ ಹೋಯಿತು, ಇಪ್ಪತ್ತು ಹೋಯಿತು. ಟಪಾಲಿನವನ ಸೈಕಲ್ಲಿನ ಗಂಟೆಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ನಮ್ಮವರನ್ನು ಕೇಳಿದರೆ, “ಬರತದ, ಅವಸರ ಯಾಕ?” ಎಂದು ಪಂಚೆ ಕೊಡವಿ ಅಂಗಡಿಗೆ ಹೋಗಿಬಿಡುತ್ತಿದ್ದರು. ಅಷ್ಟರಲ್ಲಿ ಬಾಯಿಸಾಹೇಬರಿಂದ ಇನ್ನೊಂದು ಮಾತು ಬಂತು. ಪುಣೆಯ ಅವರ ತಂಗಿಗೆ ಇಪ್ಪತ್ತು ಎಲೆ ಬೇಕಂತೆ. ಮಾವ ಒಪ್ಪಿಯೇ ಬಂದಿದ್ದರು. ನಾನೂ ಮೊದಲ ಹತ್ತಕ್ಕೆ ಕೈ ಹಚ್ಚಿದೆ. ಕಾಲೇಜು ಶುರುವಾದ ಮೇಲೆ ಪುರುಸೊತ್ತು ಸಿಗದು ಎಂದುಕೊಂಡೆ, ಹುಚ್ಚಿ.

ಗುಪ್ಪೆಗೆ ಹಾಸುವ ರದ್ದಿ ಅಂಗಡಿಯಿಂದ ಬರುತ್ತಿತ್ತು. ನಮ್ಮವರೇ ಕಟ್ಟು ತಂದು ಹಿತ್ತಲಲ್ಲಿ ಒಗೆಯುತ್ತಿದ್ದರು. ನಮ್ಮ ಮಾವ ಕಾಗದ ಎಂಬ ವಸ್ತುವನ್ನು ಜನ್ಮದಲ್ಲಿ ಹರಿದು ಚೆಲ್ಲಿದವರಲ್ಲ. ಹಳೆ ಪತ್ರ, ಲಗ್ನಪತ್ರಿಕೆ, ಪಂಚಾಂಗದ ಹಾಳೆ ಎಲ್ಲ ರದ್ದಿಯ ಡಬ್ಬಿಗೆ, ಮೊಳೆಯ ಪುಡಿಕೆ ಕಟ್ಟುವುದಕ್ಕೆ. ಆ ಜಿಪುಣ ಬುದ್ಧಿಯೇ ಅವರನ್ನು ಹಿಡಿದುಕೊಟ್ಟಿತು. ಐದನೆಯ ದಿನ ಎಲೆಗಳನ್ನು ತಿರುಗಿಸಿ ಸುಲಿಯುತ್ತ ಬಂದೆ. ಏಳನೆಯದರ ಅಂಚಿಗೆ ಕಾಗದ ಕಚ್ಚಿಕೊಂಡಿತ್ತು, ಹಾಸುವಾಗ ಕೆಳಗೆ ಹೋಗಿದ್ದ ಬರಹದ ಬದಿ ಈಗ ಮೇಲೆ. ಉಗುರಿನಿಂದ ಕೆರೆಯಲು ಹೋದವಳು ಕೈ ತಡೆದೆ. ಬಾಲ್‌ಪೆನ್ನಿನ ಅಕ್ಷರ ನೀರಿಗೆ ಕದಡಿರಲಿಲ್ಲ. ಮೇಲೆ ಅಚ್ಚಿನ ಮರಾಠಿಯಲ್ಲಿ ‘ಅರ್ಜದಾರಾಚೇ ನಾವ’, ಅರ್ಜಿದಾರರ ಹೆಸರು, ಎಂದಿತ್ತು. ಮುಂದೆ ನನ್ನ ಹೆಸರು, ನನ್ನ ಕೈಬರಹ. ಅದರ ಕೆಳಗೆ ‘ಪಾಲಕರ ಸಹಿ’ ಎಂಬಲ್ಲಿ ಖಾಲಿ. ಸಹಿ ಕೂಡ ಮಾಡಿರಲಿಲ್ಲ.

ಅತ್ತೆ, “ಏನ ಬರದೈತಿ ಅದರಾಗ?” ಎಂದರು. ಅವರಿಗೆ ಓದು ಬರುತ್ತಿರಲಿಲ್ಲ. ನಾನು ಆ ಎಲೆಯನ್ನು ಎದೆಗವಚಿಕೊಂಡು ಅಂಗಡಿಗೆ ನಡೆದೆ. ಹೆಂಗಸರು ಒಳಬಾಗಿಲು ದಾಟಿ ಅಂಗಡಿಗೆ ಹೋಗುವ ರೂಢಿ ಆ ಮನೆಯಲ್ಲಿರಲಿಲ್ಲ. ಗಿರಾಕಿಗಳು ನಿಂತಿದ್ದರು. ಮಾವ ಗಾದಿಯ ಮೇಲಿದ್ದರು, ನಮ್ಮವರು ತಕ್ಕಡಿಯ ಹತ್ತಿರ. ಎಲೆಯನ್ನು ಗಾದಿಯ ಮೇಲೆಯೇ ಇಟ್ಟೆ. ಬಿಳಿ ಹಾಸಿಗೆ ಒದ್ದೆ ಉಸುಕು ಹತ್ತಿತು.

“ಮಾಮಾ, ಇದನ್ನ ಓದ್ರಿ.”

ಓದಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಆತಲ್ಲ, ಈಗೇನು? ನೀ ಸಾಲಿಗೆ ಹೋಗಿ ಕುಂತರ ಈ ಎಲಿ ಯಾರ ಮಾಡಬೇಕು? ಇಷ್ಟ ಚಂದ ಕೈ ಐತಿ ನಿಂದು. ಸಾಹೇಬರು ಇವತ್ತ ನನ್ನ ಹೆಸರ ಹಿಡದ ಕರಿತಾರ. ಮುಂದಿನ ವರ್ಷ ನೋಡೂಣು. ಒಳಗ ನಡಿ, ಗಿರಾಕಿ ಅದಾರ.”

ಕೆಟ್ಟದಾಗಿ ಮಾಡಿದ್ದರೆ ನಾನು ಕಾಲೇಜಿಗೆ ಹೋಗುತ್ತಿದ್ದೆ! ಆ ಬೋಳು ಥಾಲಿಗಳನ್ನೇ ಕೊಟ್ಟು ಕಳಿಸಿದ್ದರೆ ಬಾಯಿಸಾಹೇಬರು ಮೂಗು ಮುರಿಯುತ್ತಿದ್ದರು, ನನ್ನ ಕೈ ಯಾರಿಗೂ ಬೇಡವಾಗುತ್ತಿತ್ತು. “ಇನ್ನ ಒಂದ ಎಲೀನೂ ಮಾಡಂಗಿಲ್ಲ. ನಿಮ್ಮ ಪರ್ಮಿಟ್ಟಿಗೆ ನೀವ ಮಣ್ಣ ಕಲಸರಿ,” ಎಂದೆ. ಎಲೆಯನ್ನೆತ್ತಿ ಅಂಗಡಿಯ ಮೆಟ್ಟಿಲ ಮೇಲಿಂದ ರಸ್ತೆಗೆ ಬಿಟ್ಟೆ. ಸಪ್ಪಳ ಕೇಳಿ ಎದುರಿನ ಅಂಗಡಿಯವರು ಹೊರಗೆ ಬಂದರು.

ಹಿತ್ತಲಿಗೆ ಬಂದು ಇಮಾಮಸಾಬ ಬಿಟ್ಟುಹೋಗಿದ್ದ ಸುತ್ತಿಗೆ ಹುಡುಕಿದೆ. ಉಳಿದ ಒಂಬತ್ತನ್ನೂ ಒಂದೊಂದಾಗಿ ಒಡೆದೆ. ಅತ್ತೆ ತಡೆಯಲಿಲ್ಲ. ಬಚ್ಚಲ ಕಟ್ಟೆಯ ಮೇಲೆ ಕೂತು, “ಕಣ್ಣಿಗೆ ಸಿಡಿದೀತು, ಸೆರಗ ಅಡ್ಡ ಹಿಡಿ,” ಎಂದರು, ಅಷ್ಟೇ. ಮುಂದಿನ ವರ್ಷ ಎಂಬುದು ಬರಲೇ ಇಲ್ಲ. ಆ ಜೂನ್‌ನಲ್ಲಿ ನಾನು ಆರು ತಿಂಗಳ ಬಸುರಿ, ಅದರ ಮುಂದಿನ ಜೂನ್‌ನಲ್ಲಿ ಕೈಯಲ್ಲಿ ಕೂಸು, ಆಮೇಲೆ ಕೇಳುವುದನ್ನೇ ಬಿಟ್ಟೆ. ಕುರನೂರಿನ ಶಾಲೆಗೆ ಅಕ್ಕೋರು ಬಂದರು, ಬೇರೆ ಯಾರೋ, ಹನ್ನೆರಡು ವರ್ಷ ತಡವಾಗಿ. ಮಾವ ತೀರಿಕೊಂಡು ಎಷ್ಟೋ ವರ್ಷ. ಅವರ ಮೇಲಿನ ಸಿಟ್ಟು ಅವರ ಜೊತೆ ಮಣ್ಣಿಗೆ ಹೋಯಿತೆಂದೇ ಇಟ್ಟುಕೊಳ್ಳಿ.

ನನಗೆ ಇವತ್ತಿಗೂ ಉರಿಯುವುದು ಬೇರೆ. ಅವತ್ತು ಹೊತ್ತು ಇಳಿಯುವ ಮುಂಚೆ ನಮ್ಮವರು ಹಿತ್ತಲಿಗೆ ಬಂದರು. ಚೂರುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಿಂತರು. ನಾನು ಸುತ್ತಿಗೆ ಕೆಳಗಿಟ್ಟು ಕೇಳಿದೆ:

“ನಿಮಗ ಗೊತ್ತಿತ್ತೇನ್ರಿ?”

ನೆಲ ನೋಡಿದರು. “ಗೊತ್ತಿತ್ತು. ಆ ಶನಿವಾರ ಅಪ್ಪಾ ಬಂಗಲೆಯಿಂದ ಬಂದು ಮೊದಲ ಅಂಗಡ್ಯಾಗ ಕುಂತ್ರು. ಕಿಸೆದಾಗಿಂದ ಕಾಗದ ತಗದು ರದ್ದಿ ಡಬ್ಬಿಗೆ ಹಾಕಿದ್ರು. ನಾ ಅಲ್ಲೇ ನಿಂತಿದ್ದೆ.”

“ಕಾಲೇಜು ಸಂಜೀತನಕ ತಗದಿತ್ತು. ಹತ್ತ ಮಿನಿಟಿನ ಹಾದಿ. ನೀವೇನ ಮಾಡಿದ್ರಿ?”

“ಗಿರಾಕಿ ಬಂದಿತ್ತು,” ಎಂದರು. “ಮೊಳಿ ತೂಗಿ ಕೊಟ್ಟೆ.”